ದಂಡಿಗೆ ಹೋದ ಹುಡುಗನ ಎಲೆ

ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳ್ತಾ ಇರುವವರಿಗೆ ಇವತ್ತು ನಮ್ಮ ಮನೆಯದ್ದೇ ಒಂದು ಕತೆ.

ಬೆಳ್ತಂಗಡಿ ಕಡೆ ಇರುವ ನಮ್ಮ ಕುಟುಂಬದ ಮನೆಯಲ್ಲಿ ಆಟಿ ತಿಂಗಳು ಕುಲೆಗಳಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಬಡಿಸುವ ಕ್ರಮ ಉಂಟು. ಎಲ್ಲರ ಎಲೆ ಹಾಕಿ ಆದ ಮೇಲೆ ಅಜ್ಜಿ ಮೂಲೆಯಲ್ಲಿ ಇನ್ನೊಂದು ಎಲೆ ಹಾಕ್ತಾರೆ.

"ಇದು ಯಾರಿಗೆ ಅಜ್ಜಿ?"

"ದಂಡಿಗೆ ಹೋದ ಹುಡುಗನಿಗೆ ಮಗಾ."

ಹೆಸರು ಅಜ್ಜಿಗೂ ಗೊತ್ತಿಲ್ಲ. ಯಾವ ದಂಡು ಅಂತ ಮಾತ್ರ ಗೊತ್ತು: ಕಲ್ಯಾಣಪ್ಪನ ಕಾಟಕಾಯಿ.

ನಾವು ಶಾಲೆಯಲ್ಲಿ ಅಮರ ಸುಳ್ಯ ದಂಗೆ ಅಂತ ಓದಿದ್ದು ಅದನ್ನೇ. 1834ರಲ್ಲಿ ಕೊಡಗನ್ನು ನುಂಗಿದ ಈಸ್ಟ್ ಇಂಡಿಯಾ ಕಂಪನಿ, ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮೊದಲು ಬೆಳೆಯಲ್ಲೇ ಕೊಡಬಹುದಿದ್ದ ತೆರಿಗೆಯನ್ನು ಈಗ ರೊಕ್ಕದಲ್ಲಿ ಕಟ್ಟಬೇಕಾಯಿತು. ರೊಕ್ಕ ಎಲ್ಲಿಂದ ಬರಬೇಕು ಮಾರಾಯ್ರೆ? 1837ರ ಮಾರ್ಚ್ ಕೊನೆಗೆ ಸುಳ್ಯದ ಪೂಮಲೆಯಲ್ಲಿ ಸೇರಿದ ಜನ ಬೆಳ್ಳಾರೆ, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಹಿಡಿದರು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಬಂಟ್ವಾಳದ ಹತ್ತಿರದ ನಂದಾವರದ ಲಕ್ಷ್ಮಪ್ಪ ಬಂಗರಸರೂ ಜೊತೆಗಿದ್ದರು. ಸುಮಾರು ಎರಡು ವಾರದೊಳಗೆ ಕಂಪನಿಯ ಪಡೆ ಬಂತು, ಎಲ್ಲ ಮುಗಿಯಿತು. ಬಂಗರಸರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಮುಂದಾಳುಗಳ ಹೆಸರು ಉಳಿಯಿತು. ಕೆದಂಬಾಡಿ ರಾಮಯ್ಯ ಗೌಡರಿಗೆ 2022ರಲ್ಲಿ ಬಾವುಟಗುಡ್ಡೆಯಲ್ಲೇ ಪ್ರತಿಮೆಯೂ ಆಯಿತು. ಹಿಂದೆ ನಡೆದ ಹುಡುಗರದ್ದು?

ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಹುಡುಗರನ್ನು ಅವರ ಮನೆಯವರು ಈಗಲೂ ಹುಡುಕುತ್ತಾರೆ, ಸಿಗುತ್ತಾರೆ ಕೂಡ. ಅಲ್ಲಿ 1862ರ ಕಾನೂನಿನಂತೆ, ಮಗನ ದುಡಿಮೆಯನ್ನೇ ನಂಬಿದ್ದ ತಾಯಿ ಪಿಂಚಣಿ ಕೇಳಬಹುದಿತ್ತು. ಮಗನೇ ಸಾಕುತ್ತಿದ್ದ ಅಂತ ತೋರಿಸಲಿಕ್ಕೆ ತಾಯಂದಿರು ಅವನ ಕಾಗದಗಳನ್ನೇ ಅರ್ಜಿ ಜೊತೆ ಇಟ್ಟರು. ಆ ಕಡತಗಳು ವಾಷಿಂಗ್ಟನ್ನಿನ ದಾಖಲೆ ಭಂಡಾರದಲ್ಲಿವೆ. ನಮ್ಮ ಹುಡುಗ ಸರಕಾರದ ವಿರುದ್ಧ ಹೋದವನು. ಅವನ ತಾಯಿ ಯಾರಿಗೆ ಅರ್ಜಿ ಕೊಡುವುದು?

ನಾನು ಮೊದಲು ದೊಡ್ಡ ತಪ್ಪು ಮಾಡಿದೆ. ಅಜ್ಜ, ಅಜ್ಜನ ಅಪ್ಪ, ಅವರ ಅಪ್ಪ ಅಂತ ಮೇಲೆ ಹತ್ತುತ್ತಾ ಹೋದೆ. ಆರು ತಿಂಗಳು ದಂಡ. ಅಜ್ಜಿ ಕೇಳಿಸಿಕೊಂಡು ನಕ್ಕರು. "ಅಜ್ಜನ ಕುಟುಂಬ ಬೇರೆ ಅಲ್ವಾ? ಎಲೆ ಹಾಕುದು ನಮ್ಮ ಕಡೆಯದ್ದು."

ಅಳಿಯಸಂತಾನ! ಇದರಲ್ಲೇ ಹುಟ್ಟಿದವನಿಗೆ ಮರೆತು ಹೋಗಿತ್ತು. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಆ ಬಂಗರು ಕೂಡ, ಅರಸರಾದರೂ ಪಟ್ಟ ಮಗನಿಗಲ್ಲ, ಸೋದರಳಿಯನಿಗೆ. ಕುಟುಂಬ ನಡೆಯುವುದು ಹೆಣ್ಣಿನಿಂದ. ಹಾಗಾದರೆ ಆ ಹುಡುಗ ಮದುವೆಯಾಗಿ ನೂರು ವರ್ಷ ಬದುಕಿದ್ದರೂ ಅವನ ಮಕ್ಕಳು ನಮ್ಮ ಕುಟುಂಬದವರಾಗುತ್ತಿರಲಿಲ್ಲ. ಅವನ ಅಕ್ಕತಂಗಿಯರ ಸಂತಾನವೇ ನಾವು.

ಮತ್ತೆ ತಾಯಿಯ ದಾರಿ ಹಿಡಿದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ನಮ್ಮಲ್ಲೂ ಪಾಲಾಗಿತ್ತು. ಆ ಪಾಲುಪಟ್ಟಿ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು, ಅಂಚನ್ನು ಗೆದ್ದಲು ತಿಂದಿತ್ತು. ಪಾಲು ಮಾಡಿದ್ದು ಕವರು ಪ್ರಕಾರ. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಒಂದು ಕೊಂಬೆ. ಎಲ್ಲ ಕವರುಗಳೂ ಹೊರಡುವ ಮೂಲದ ಹೆಂಗಸಿನ ಹೆಸರು ಮೊದಲ ಪುಟದಲ್ಲೇ ಇತ್ತು. ಅಜ್ಜಿಯಿಂದ ಮೇಲಕ್ಕೆ ಐದನೆಯ ತಾಯಿ. ತಲೆಮಾರಿಗೆ 25 ವರ್ಷ ಹಿಡಿದರೆ 1837ರಲ್ಲಿ ಅವಳಿಗೆ ಇಪ್ಪತ್ತರ ಆಸುಪಾಸು. ಅವನ ಅಕ್ಕನೋ ತಂಗಿಯೋ ಆಗಿರಬೇಕು ಅನ್ನುವುದು ನನ್ನ ಲೆಕ್ಕ, ಪಟ್ಟಿಯಲ್ಲಿ ಬರೆದದ್ದಲ್ಲ. ಹೆಸರನ್ನು ಇಲ್ಲಿ ಹೇಳುವುದಿಲ್ಲ, ಮನೆಯವರು ಬೇಡ ಅಂದಿದ್ದಾರೆ.

ಹುಡುಗನ ಹೆಸರು ಅದರಲ್ಲಿಲ್ಲ. ಪಾಲು ಕೇಳಲಿಕ್ಕೆ ಅವನ ಕವರು ಅಂತ ಒಂದು ಇರಲೇ ಇಲ್ಲವಲ್ಲ.

ಅಜ್ಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವಳ ಎಲೆ ಎಲ್ಲಿ ಹಾಕುದು?" ಅಂತ ಕೇಳಿದರು.

ಈ ಆಟಿಯಲ್ಲಿ ಮೂಲೆಯ ಎಲೆಯನ್ನು ಸ್ವಲ್ಪ ಸರಿಸಿ, ಪಕ್ಕದಲ್ಲಿ ಇನ್ನೊಂದು ಹಾಕಿದೆವು.