ಪೆಣ್ಬುಯ್ಯಲ್ ಮತ್ತು ಪ್ರಭುತ್ವದ ನೆರವು: ರಾಂಝೆ ಪತ್ರದ ಹಿನ್ನೆಲೆಯಲ್ಲಿ

ಯುದ್ಧ, ದಾಳಿಗಳಲ್ಲಿ ಅತ್ಯಾಚಾರಕ್ಕೆ ಒಳಗಾದ ಸ್ತ್ರೀಗೆ ಪ್ರಭುತ್ವವು ಏನನ್ನು ಸಲ್ಲಿಸಿತು ಎಂಬುದನ್ನು ಕನ್ನಡ ಹಾಗೂ ಮರಾಠಿ ಆಕರಗಳ ನೆಲೆಯಲ್ಲಿ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಕನ್ನಡ ವೀರಗಲ್ಲುಗಳಲ್ಲಿ ‘ತುಱುಗೋಳ್’, ‘ಊರಳಿವು’ಗಳ ಜೊತೆಯಲ್ಲಿಯೇ ‘ಪೆಣ್ಬುಯ್ಯಲ್’ ಎಂಬ ಪದವೂ ಬರುತ್ತದೆ. ಸೆರೆಗೆ, ಮಾನಭಂಗಕ್ಕೆ ಗುರಿಯಾದ ಹೆಂಗಸರ ಮೊರೆ ಎಂಬುದು ಅದರ ಭಾವ. ಮೊರೆಗೆ ಓಗೊಟ್ಟು ಮಡಿದವನಿಗೆ ಕಲ್ಲು ನಿಂತಿತು; ಅವನ ಮನೆಯವರಿಗೆ ‘ನೆತ್ತರುಗೊಡಗೆ’ಯ ಭೂಮಿ ಸಂದುದೂ ಉಂಟು. ಮೊರೆಯಿಟ್ಟವಳ ಮುಂದಿನ ಬಾಳಿನ ಬಗೆಗೆ ಈ ಶಾಸನಗಳು ಸಾಮಾನ್ಯವಾಗಿ ಮೌನವಾಗಿವೆ.

ಪುಣೆ ಪ್ರಾಂತದ ರಾಂಝೆ ಗ್ರಾಮದ ಪಾಟೀಲ ಬಾಬಾಜಿ ಗುಜರನನ್ನು ಕುರಿತ, 1646ರ ಶಿವಾಜಿಯ ಪತ್ರ ಪ್ರಸಿದ್ಧವಾದುದು. ಇದು ಯುದ್ಧಕಾಲದ ಪ್ರಕರಣವಲ್ಲ. ಆದರೆ ಅಧಿಕಾರಸ್ಥನ ಅಪರಾಧವನ್ನು ಪ್ರಭುತ್ವವು ಎಣಿಸಿದ ಬಗೆಯನ್ನು ತೋರಿಸುತ್ತದೆ. ಪತ್ರದ ‘ಬದಅಮಲ’ ಎಂಬ ಮಾತನ್ನು ಪರಂಪರೆಯು ಸ್ತ್ರೀಯ ಮೇಲಿನ ಅತ್ಯಾಚಾರವೆಂದು ಗ್ರಹಿಸಿದೆ. ಪಾಟೀಲನ ಕೈಕಾಲುಗಳನ್ನು ಕಡಿಸಲಾಯಿತು. ಪಾಟೀಲಕಿಯು ಅದೇ ಮನೆತನದ ಸೋನಜಿ ಗುಜರನಿಗೆ ಸಂದಿತು. ಹೀಗೆ ದಂಡನೆ ಕಠೋರವಾಗಿತ್ತು, ವೃತ್ತಿಯ ವ್ಯವಸ್ಥೆಯೂ ಆಯಿತು. ನೊಂದವಳಿಗೆ ಸಂದ ನೆರವಿನ ಪ್ರಸ್ತಾಪವಿಲ್ಲ.

1678ರಲ್ಲಿ ಮರಾಠಾ ಸೈನ್ಯವು ಇಂದಿನ ಬೆಳಗಾವಿ ಜಿಲ್ಲೆಯ ಬೆಳವಡಿಯನ್ನು ಮುತ್ತಿತು. ಅಲ್ಲಿನ ರಾಣಿ ಕನ್ನಡ ಪರಂಪರೆಯಲ್ಲಿ ಮಲ್ಲಮ್ಮ. ಮರಾಠಿ ಮೂಲಗಳಲ್ಲಿ ಸಾವಿತ್ರಿಬಾಯಿ. ಆಕೆಯೊಡನೆ ದುರ್ವರ್ತಿಸಿದ ದಳಪತಿ ಸಖೂಜಿ ಗಾಯಕವಾಡನ ಕಣ್ಣು ಕೀಳಿಸಲಾಯಿತೆಂಬ ಕಥನವನ್ನು ಜದುನಾಥ ಸರ್ಕಾರರು ಉಲ್ಲೇಖಿಸಿದ್ದಾರೆ. ಶಿವಾಜಿಯು ಆಕೆಗೆ ಸಂಸ್ಥಾನವನ್ನು ಮರಳಿಸಿದನೆಂದು ಕನ್ನಡ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಒಪ್ಪಿದರೂ, ಇಲ್ಲಿ ಸಂದುದು ಸಂಸ್ಥಾನದ ಒಡತಿಗೆ. ಆ ಮುತ್ತಿಗೆಯ ಸಾಮಾನ್ಯ ಸ್ತ್ರೀಯರು ಕಥನದ ಹೊರಗೇ ಉಳಿದರು.

ಆಧುನಿಕ ಕಾಲದಲ್ಲಿ ಈ ಮೌನ ಕ್ರಮೇಣ ಮುರಿಯಿತು. 1971ರ ಯುದ್ಧದ ಸಂತ್ರಸ್ತೆಯರನ್ನು ಬಾಂಗ್ಲಾದೇಶವು ‘ಬೀರಾಂಗನಾ’ ಎಂದು ಕರೆಯಿತು. ಅವರನ್ನು ಮುಕ್ತಿಯೋಧರೆಂದು ಅಧಿಕೃತವಾಗಿ ಗುರುತಿಸಿ ಸವಲತ್ತು ನೀಡಲಾರಂಭಿಸಿದುದು 2015ರಲ್ಲಿ. ಭಾರತದಲ್ಲಿ ಸಂತ್ರಸ್ತರ ಪರಿಹಾರಕ್ಕೆ ಶಾಸನಬದ್ಧ ನೆಲೆ ದೊರೆತುದು 2009ರ ಕೊನೆಯಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮಿನಿಂದ. ಮಹಾರಾಷ್ಟ್ರವು 2013ರಲ್ಲಿ ‘ಮನೋಧೈರ್ಯ’ ಯೋಜನೆಯ ಮೂಲಕ ಧನಸಹಾಯಕ್ಕೆ ಆಪ್ತಸಮಾಲೋಚನೆಯನ್ನೂ ಸೇರಿಸಿತು. ಇವು ಯುದ್ಧಸಂತ್ರಸ್ತೆಯರಿಗೆಂದೇ ರೂಪುಗೊಂಡವಲ್ಲ. ಆದರೂ ನೆರವಿನ ಹಕ್ಕುದಾರಳು ಸ್ವತಃ ನೊಂದವಳೇ ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ದಂಡನೆಯ ಉಗ್ರತೆಯನ್ನೇ ನ್ಯಾಯದ ಅಳತೆಗೋಲಾಗಿ ಬಳಸುವ ಇತಿಹಾಸಲೇಖನವು ಈ ವ್ಯತ್ಯಾಸವನ್ನು ಗಮನಿಸಬೇಕು. ವೀರಗಲ್ಲಿನ ದತ್ತಿಯನ್ನು ಓದುವಾಗ ಅದು ಯಾರ ಕೈ ಸೇರಿತು ಎಂದು ಕೇಳುವುದು ಅಗತ್ಯ.