ಅಯಾನು ಮೋಡದ ಲೆಕ್ಕ

ಕಣ ಶೋಧಕಗಳ ಇತಿಹಾಸವೆಂದರೆ ಸಾಮಾನ್ಯವಾಗಿ ಉಪಕರಣಗಳ ಸಾಲು: 1928ರ ಗೈಗರ್-ಮುಲ್ಲರ್ ಕೊಳವೆ, 1968ರಲ್ಲಿ ಜಾರ್ಜ್ ಶಾರ್ಪಾಕ್ ಕಟ್ಟಿದ ಬಹುತಂತಿ ಕೋಣೆ, 1974ರಲ್ಲಿ ಡೇವಿಡ್ ನೈಗ್ರೆನ್ ಸೂಚಿಸಿದ ಟೈಮ್ ಪ್ರೊಜೆಕ್ಷನ್ ಚೇಂಬರ್. ಇವೆಲ್ಲಕ್ಕೂ ಒಂದೇ ತೊಡಕು ಕಾಡಿದೆ. ಕಣವೊಂದು ಅನಿಲದಲ್ಲಿ ಹಾಯ್ದಾಗ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ತಂತಿಯ ಬಳಿ ಸಾವಿರಾರು ಪಟ್ಟು ಹೆಚ್ಚಿ, ಕ್ಷಣಾರ್ಧದಲ್ಲಿ ತಂತಿ ಸೇರುತ್ತವೆ. ಭಾರವಾದ ಧನ ಅಯಾನುಗಳು ಮಾತ್ರ ಸಾವಿರ ಪಟ್ಟು ನಿಧಾನವಾಗಿ ಸರಿಯುತ್ತ, ಮುಂದೆ ಬರುವ ಎಲೆಕ್ಟ್ರಾನ್‌ಗಳ ದಾರಿಯನ್ನೇ ತಿರುಚುತ್ತವೆ. ಇದೇ ಸ್ಪೇಸ್ ಚಾರ್ಜ್. ಬಹುಕಾಲ ಇದನ್ನು ಯಂತ್ರರಚನೆಯ ಜಾಣ್ಮೆಯಿಂದ ದೂರವಿಟ್ಟರು. ಆ ಜಾಣ್ಮೆ ಸಾಲದಾದಾಗ ಗಣಕ ಅನುಕರಣೆ ಶೋಧಕದ ಅಂಗವೇ ಆಯಿತು ಎಂಬುದು ನನ್ನ ವಾದ.

ಗೈಗರ್ ಕೊಳವೆಯಲ್ಲಿ ತಂತಿಯನ್ನು ಸುತ್ತುವರಿದ ಅಯಾನುಗಳು ದೂರ ಸರಿಯುವ ತನಕ, ಅಂದರೆ ಸುಮಾರು ನೂರು ಮೈಕ್ರೋಸೆಕೆಂಡು, ಉಪಕರಣಕ್ಕೆ ಹೊಸ ಕಣ ಕಾಣುವುದಿಲ್ಲ. ಎಣಿಕೆ ನಿಧಾನವಿದ್ದಾಗ ಅದು ಬಾಧಿಸಲಿಲ್ಲ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಪ್ರೋಟಾನ್ ಕ್ಷಯಕ್ಕಾಗಿ ಕಬ್ಬಿಣದ ತಟ್ಟೆಗಳ ನಡುವೆ ಅನಿಲದ ಎಣಿಕೆಗೊಳವೆಗಳನ್ನು ಜೋಡಿಸಿ ಕಾದರು. ಅಲ್ಲಿಗೆ ತಲುಪುವ ಕಣಗಳೇ ವಿರಳ. ಹಿಂದಿನ ಅಯಾನುಗಳು ಎಂದೋ ಹೊರಟುಹೋಗಿರುತ್ತಿದ್ದವು. ದೊಡ್ಡ ಚೇಂಬರ್‌ಗಳಲ್ಲಾದರೋ, ಒಂದು ಘಟನೆ ದಾಖಲಾದೊಡನೆ ತಂತಿಜಾಲದ ಬಾಗಿಲು ಮುಚ್ಚಿ ಅಯಾನುಗಳನ್ನು ತಡೆದರು.

ಲೆಕ್ಕ ಅನಿವಾರ್ಯವಾದದ್ದು ಮೊದಲು ಬೇರೊಂದು ಕಡೆ. 1981ರಲ್ಲಿ ಸಾಂಟೋನಿಕೊ ಮತ್ತು ಕಾರ್ಡರೆಲ್ಲಿ ರೂಪಿಸಿದ ರೆಸಿಸ್ಟಿವ್ ಪ್ಲೇಟ್ ಚೇಂಬರ್‌ನ ಹೊಸ ರೂಪಗಳಲ್ಲಿ, ಸರಳ ಸೂತ್ರ ಹೇಳುವ ವಿದ್ಯುದಾವೇಶಕ್ಕೂ ಅಳೆದದ್ದಕ್ಕೂ ಅಗಾಧ ಅಂತರವಿತ್ತು. ಸರ್ನ್‌ನ ಲಿಪ್‌ಮನ್ ಮತ್ತು ರೀಗ್ಲರ್ ಹೆಜ್ಜೆಹೆಜ್ಜೆಗೂ ವಿದ್ಯುತ್ ಕ್ಷೇತ್ರವನ್ನು ಮರುಲೆಕ್ಕಿಸಿ, ಎಲೆಕ್ಟ್ರಾನ್ ಪ್ರವಾಹದ ಬೆಳವಣಿಗೆಯನ್ನು ಅದರದೇ ಆವೇಶ ಕಟ್ಟಿಹಾಕುತ್ತದೆಂದು ತೋರಿಸಿದರು. ಇಂಥ ಕೆಲಸಕ್ಕೆ ಬೀಯಾಜಿಯವರ ಮ್ಯಾಗ್‌ಬೋಲ್ಟ್ಜ್, ವೀನ್‌ಹೋಫ್‌ರ ಗಾರ್‌ಫೀಲ್ಡ್, ಕೋಲ್ಕತ್ತದ ಸಾಹಾ ಸಂಸ್ಥೆಯಲ್ಲಿ ರೂಪುಗೊಂಡ ನೆಬೆಮ್ ಎಂಬ ತಂತ್ರಾಂಶಗಳು ಆಧಾರವಾಗಿವೆ.

ಸರ್ನ್‌ನ ಆಲಿಸ್ ಪ್ರಯೋಗದ ಟೈಮ್ ಪ್ರೊಜೆಕ್ಷನ್ ಚೇಂಬರ್‌ನಲ್ಲಿ ಬಾಗಿಲು ಮುಚ್ಚುವ ಉಪಾಯವೇ ಕೈಕೊಟ್ಟಿತು. ಸೆಕೆಂಡಿಗೆ 50,000 ಸೀಸದ ಡಿಕ್ಕಿಗಳನ್ನು ಬಿಡದೆ ದಾಖಲಿಸಬೇಕು. ಅದಕ್ಕೆ ಸೌಲಿ 1997ರಲ್ಲಿ ಪ್ರಕಟಿಸಿದ ರಂಧ್ರಯುಕ್ತ ಜೆಮ್ ಹಾಳೆಗಳನ್ನು ನಾಲ್ಕು ಪದರವಾಗಿ ಜೋಡಿಸಿ, ಹಿಂದಿರುಗುವ ಅಯಾನುಗಳನ್ನು ಶೇಕಡ 1ರ ಆಸುಪಾಸಿಗೆ ಇಳಿಸಿದರು. ಆದರೂ ಅವು ಎರಡೂವರೆ ಮೀಟರ್ ಸರಿಯಲು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಬೇಕು; ಹೀಗಾಗಿ ಸುಮಾರು 8,000 ಡಿಕ್ಕಿಗಳ ಅಯಾನುಗಳು ಒಟ್ಟಿಗೇ ಒಳಗಿರುತ್ತವೆ. ಕಣದ ಜಾಡು ಕೆಲವೆಡೆ ಹಲವು ಸೆಂಟಿಮೀಟರ್ ತಪ್ಪಿ ಕಾಣುತ್ತದೆ. ಬೇಕಾದ ನಿಖರತೆಯೋ ಮಿಲಿಮೀಟರಿನ ಅಂಶ.

ಅನುಕರಣೆ ನಾವು ಹಾಕಿದ್ದನ್ನೇ ಹಿಂದಿರುಗಿಸುತ್ತದಲ್ಲ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅಯಾನಿನ ವೇಗ ತಪ್ಪಾಗಿ ಹಾಕಿದರೆ ಇಡೀ ಮೋಡವೇ ತಪ್ಪುತ್ತದೆ. ಆದರೆ ಆಲಿಸ್‌ನಲ್ಲಿ ಲೆಕ್ಕವೊಂದೇ ತೀರ್ಪುಗಾರನಲ್ಲ: ಒಳಗಿನ ಸಿಲಿಕಾನ್ ಮತ್ತು ಹೊರಗಿನ ಶೋಧಕಗಳು ಜಾಡಿನ ನಿಜವಾದ ಜಾಗ ಹೇಳುತ್ತವೆ. ಹಾಗಾದರೆ ಅಳತೆಯೇ ಸಾಕಲ್ಲ ಎಂದರೆ, ಸಾಲದು. ಅಂಥ ಅಳತೆ ಸಿಗುವುದು ಕಾಲದ ಸರಾಸರಿಯಾಗಿ. ಅಯಾನು ಸಾಂದ್ರತೆ ಮಿಲಿಸೆಕೆಂಡುಗಳಲ್ಲಿ ಏರಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಷ್ಟು ಅಯಾನು ಹಿಂದಿರುಗಿದರೆ ತಾಳಿಕೊಳ್ಳಬಹುದೆಂಬುದನ್ನು ಉಪಕರಣ ಕಟ್ಟುವ ಮೊದಲೇ ತಿಳಿಯಬೇಕಿತ್ತು. ಆ ಪ್ರಶ್ನೆಗೆ ಉತ್ತರಿಸಬಲ್ಲದ್ದು ಲೆಕ್ಕ ಮಾತ್ರ. ಶೋಧಕಗಳ ಇತಿಹಾಸ ಬರೆಯುವವರು ತಂತಿ, ಹಾಳೆಗಳ ಜೊತೆಗೆ ಈ ಲೆಕ್ಕದ ಕೆಲಸಕ್ಕೂ ಸಮಾನ ಸ್ಥಾನ ಕೊಡಬೇಕು.