ದೊರೆಗೊಂದು ಕೋರ್ಟು, ಕೂಲಿಗೊಂದು ಕೋರ್ಟು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂದದ್ದು 1894ರಲ್ಲಿ. ಗಣಿಗೆ ಬೇಕಾದ ಯಂತ್ರ, ಸಾಮಾನು, ಕೂಲಿಗಳು, ಲಂಡನ್ನಿನ ಜಾನ್ ಟೇಲರ್ ಕಂಪನಿಯ ದೊರೆಗಳು ಎಲ್ಲರಿಗೂ ಅದೇ ಹಳಿ. ಆದರೆ ಇಳಿದ ಮೇಲೆ ಎಲ್ಲರಿಗೂ ಒಂದೇ ಕಾನೂನು ಇರಲಿಲ್ಲ.

1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರಲ್ಲ, ಆಗ ಒಂದು ಹಸ್ತಾಂತರ ಪತ್ರ ಬರೆಸಿಕೊಂಡರು. ಅದರಲ್ಲೊಂದು ಷರತ್ತು: ಮೈಸೂರಿನಲ್ಲಿರುವ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ಅಧಿಕಾರ ಗವರ್ನರ್ ಜನರಲ್ ಕೈಯಲ್ಲೇ ಉಳಿಯುತ್ತದೆ. ಅವರು ಎಷ್ಟು ಬಿಟ್ಟುಕೊಡುತ್ತಾರೋ ಅಷ್ಟು ಮಾತ್ರ ಮಹಾರಾಜರದು. ದೊಡ್ಡ ಕೇಸುಗಳು ಮದ್ರಾಸ್ ಹೈಕೋರ್ಟಿಗೆ. ಅಂದರೆ ಸುರಂಗದಲ್ಲಿ ದೊರೆ ಕೂಲಿಯನ್ನು ಹೊಡೆದು ಸಾಯಿಸಿದ ಅಂತ ಇಟ್ಟುಕೊಳ್ಳಿ. ಸಾಕ್ಷಿ ಹೇಳಬೇಕಾದ ಬಡವರು ಕೆಲಸ ಬಿಟ್ಟು ಮದ್ರಾಸಿನವರೆಗೆ ಹೋಗಬೇಕು. ಕೂಲಿಯೇ ಕದ್ದು ಸಿಕ್ಕಿಬಿದ್ದರೆ ಮೈಸೂರಿನ ಮ್ಯಾಜಿಸ್ಟ್ರೇಟರು ಇಲ್ಲೇ ಹತ್ತಿರದಲ್ಲಿದ್ದರು.

ಅದೇ ಪತ್ರದಲ್ಲಿ ರೈಲ್ವೆ ಜಮೀನಿನ ಮಾತೂ ಇತ್ತು. ರೈಲಿಗೆ ಬಿಟ್ಟ ನೆಲವನ್ನು ಬಿಟ್ಟಿಯಾಗಿ ಕೊಡಬೇಕು, ಅದರ ಮೇಲಿನ ಪೂರ್ತಿ ಅಧಿಕಾರವನ್ನೂ ಕೊಡಬೇಕು. ಬೆಂಗಳೂರು–ಮದ್ರಾಸು ದಾರಿಯ ಬಂಗಾರಪೇಟೆ ಸ್ಟೇಷನ್ನಿಗೆ (ಆಗ ಬೌರಿಂಗ್‌ಪೇಟೆ) ಇದನ್ನು ಹಾಕಿ ನೋಡಿ. ಪ್ಲಾಟ್‌ಫಾರಂ ಮೇಲೆ ಬ್ರಿಟಿಷ್ ಕಾನೂನು, ಗೇಟು ದಾಟಿದರೆ ಮೈಸೂರು ಕಾನೂನು.

ಇದು ನಮ್ಮೂರಿಗಷ್ಟೇ ಬಂದ ವಿಚಿತ್ರವಲ್ಲ. ಚೀನಾ, ಟರ್ಕಿಯಂಥ ದೇಶಗಳಲ್ಲಿ ಬ್ರಿಟಿಷ್ ಕಾನ್ಸುಲರೇ ಕೋರ್ಟು ನಡೆಸಿ ತಮ್ಮ ಪ್ರಜೆಗಳ ವಿಚಾರಣೆ ಮಾಡುತ್ತಿದ್ದರು. ಮೈಸೂರಿನಲ್ಲಿ ಕಾನ್ಸುಲನ ಬದಲು ರೆಸಿಡೆಂಟ್ ಇದ್ದ. ಅವನು ಕೂತಿದ್ದ ಬಂಗಲೆಯೇ ಇವತ್ತಿನ ಬೆಂಗಳೂರಿನ ರಾಜಭವನ. ನನ್ನ ಲೆಕ್ಕದಲ್ಲಿ ಇವನ ಕೈ ಕಾನ್ಸುಲನಿಗಿಂತ ಉದ್ದ. ಕಾನ್ಸುಲ್ ತನ್ನವರನ್ನು ಕಾಯುತ್ತಿದ್ದ, ರೆಸಿಡೆಂಟ್ ಮಹಾರಾಜರ ಸರ್ಕಾರದ ಮೇಲೂ ಕಣ್ಣಿಟ್ಟಿದ್ದ.

ಕೂಲಿಗಳ ಪಾಲಿಗೆ ಬಂದದ್ದು ಹೆಬ್ಬೆಟ್ಟು. ನೋಂದಣಿಗೆ ಹೆಬ್ಬೆಟ್ಟು ಒತ್ತಬೇಕೆಂಬ ಕ್ರಮದ ವಿರುದ್ಧ 1930ರಲ್ಲಿ ಸಾವಿರಾರು ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಕಳ್ಳರ ಗುರುತು ಹಿಡಿಯುವ ಹಾಗೆ ನಮ್ಮ ಗುರುತು ಯಾಕೆ ಅನ್ನುವ ಸಿಟ್ಟು ಅದು.

ಸ್ವಾತಂತ್ರ್ಯದ ಜೊತೆಗೆ ರೆಸಿಡೆಂಟ್ ಹೋದ. ಕಾನ್ಸುಲ್ ಉಳಿದುಕೊಂಡ, ಆದರೆ ಕೋರ್ಟು ಕಳೆದುಕೊಂಡು. ಈಗ ಎಲ್ಲ ದೇಶಗಳಿಗೂ ಅಳತೆಗೋಲು 1963ರ ವಿಯೆನ್ನಾ ಒಪ್ಪಂದ. ಭಾರತ ಅದಕ್ಕೆ ಸೇರಿದ್ದು 1977ರಲ್ಲಿ. ಅದರ ಪ್ರಕಾರ ಕಾನ್ಸುಲರ್ ಅಧಿಕಾರಿಗೆ ರಕ್ಷಣೆ ಇರುವುದು ಕಚೇರಿ ಕೆಲಸಕ್ಕೆ ಮಾತ್ರ. ಗಂಭೀರ ಅಪರಾಧವಾದರೆ ಕೋರ್ಟಿನ ಆದೇಶ ಪಡೆದು ಬಂಧಿಸಬಹುದು. ಅವನ ಕಾರು ಡಿಕ್ಕಿ ಹೊಡೆದರೆ ಪರಿಹಾರದ ಕೇಸು ಹಾಕಬಹುದು. ಕಾನ್ಸುಲೇಟಿನ ಕೆಲಸದ ಜಾಗಕ್ಕೆ ಪೊಲೀಸರು ಕೇಳದೆ ನುಗ್ಗುವಂತಿಲ್ಲ, ಬೆಂಕಿ ಅಥವಾ ತಕ್ಷಣ ರಕ್ಷಣೆ ಬೇಕಾದ ಬೇರೆ ಅನಾಹುತವಾದಾಗ ಮಾತ್ರ ಒಪ್ಪಿಗೆ ಇದೆ ಅಂತಲೇ ಲೆಕ್ಕ. ರಾಯಭಾರಿಗೆ ಇರುವ ರಕ್ಷಣೆ ಇದಕ್ಕಿಂತ ತುಂಬಾ ದೊಡ್ಡದು. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

2012ರಲ್ಲಿ ಬೆಂಗಳೂರಿನ ಫ್ರೆಂಚ್ ಕಾನ್ಸುಲೇಟಿನ ಒಬ್ಬರನ್ನು ಪೊಲೀಸರು ಬಂಧಿಸಿದಾಗ ಎದ್ದ ಪ್ರಶ್ನೆಯೂ ಇದೇ. ಅವರಿಗೆ ರಾಜತಾಂತ್ರಿಕ ರಕ್ಷಣೆ ಇಲ್ಲವೆಂದು ಫ್ರಾನ್ಸೇ ಹೇಳಿತು. ಕೇಸು ಇಲ್ಲಿನ ಕೋರ್ಟಿನಲ್ಲೇ ನಡೆದು 2017ರಲ್ಲಿ ಅವರು ಖುಲಾಸೆಯಾದರು. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಉಪ ಕಾನ್ಸುಲ್ ಜನರಲ್ ದೇವಯಾನಿ ಖೋಬ್ರಾಗಡೆಯವರನ್ನು ಮನೆಗೆಲಸದವಳ ವೀಸಾ, ಸಂಬಳದ ವಿಚಾರಕ್ಕೆ ಬಂಧಿಸಿದಾಗ ಅಮೆರಿಕ ಹೇಳಿದ್ದೂ ಇದೇ ಮಾತು, ಕಾನ್ಸುಲನಿಗೆ ಕಚೇರಿ ಕೆಲಸಕ್ಕಷ್ಟೇ ರಕ್ಷಣೆ. ನಮ್ಮ ಸರ್ಕಾರ ಅವರನ್ನು ವಿಶ್ವಸಂಸ್ಥೆಯ ಕಚೇರಿಗೆ ವರ್ಗ ಮಾಡಿತು. ಪೂರ್ತಿ ರಕ್ಷಣೆ ಸಿಕ್ಕ ಮೇಲೆ 2014ರ ಜನವರಿಯಲ್ಲಿ ಅವರು ವಾಪಸ್ ಬಂದರು.

ಆ ಒಪ್ಪಂದದ 36ನೇ ವಿಧಿ ಮಾತ್ರ ನಮ್ಮಂಥವರಿಗೆ. 2001ರಲ್ಲಿ ಗಣಿ ಮುಚ್ಚಿತು. ಅಂದಿನಿಂದ ಕೆಲಸ ಅಂದರೆ ಬೆಳಗಿನ ರೈಲು ಹತ್ತಿ ಬೆಂಗಳೂರು, ಇಲ್ಲವೇ ವಿಮಾನ ಹತ್ತಿ ಗಲ್ಫ್. ಅಲ್ಲಿ ಯಾರಾದರೂ ನಿಮ್ಮ ಹುಡುಗನನ್ನು ಹಿಡಿದಿಟ್ಟರೆ, ನಿನ್ನ ಕಾನ್ಸುಲೇಟಿಗೆ ತಿಳಿಸುವ ಹಕ್ಕು ನಿನಗಿದೆ ಅಂತ ಅವರು ಅವನಿಗೆ ಹೇಳಲೇಬೇಕು. ಹೇಳದಿದ್ದರೂ ಅವನು ಬಾಯಿ ಬಿಟ್ಟು ಕೇಳಬೇಕು, ಕೇಳಿದರೆ ತಡಮಾಡದೆ ತಿಳಿಸಬೇಕು. ಕುಲಭೂಷಣ್ ಜಾಧವ್ ಕೇಸಿನಲ್ಲಿ ಪಾಕಿಸ್ತಾನ ಈ ವಿಧಿಯನ್ನೇ ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಕಾನ್ಸುಲ್ ಬಂದು ಹುಡುಗನನ್ನು ಬಿಡಿಸಿಕೊಂಡು ಹೋಗಲಾರ. ಜೈಲಿಗೆ ಹೋಗಿ ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತು ಮಾಡಿಕೊಡಬಹುದು. ಗಲ್ಫಿಗೆ ಹೊರಟ ಹುಡುಗನ ಮೊಬೈಲಿನಲ್ಲಿ ಆ ಕಾನ್ಸುಲೇಟಿನ ನಂಬರ್ ಇದೆಯಾ ನೋಡಿ.